ಸೂಜಿ ಇಲ್ಲದ ಇಂಜೆಕ್ಷನ್ ಅಂತಾರಲ್ಲ, ನಿಜಾನಾ? ತಂಗಿಯ ಕಿವಿ ಗಡ್ಡೆಗೆ ಮಾಡಿಸಬಹುದಾ?

ಕಂಪ್ಲಿ_ಹುಡುಗ · ಭಾನುವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ತಂಗಿಯ ವಿಷಯ ಕೇಳುತ್ತಿದ್ದೇನೆ. ಗೊತ್ತಿದ್ದವರು ಹೇಳಿ, ತಮಾಷೆ ಮಾಡುವವರು ಆಮೇಲೆ ಬನ್ನಿ.

ಅವಳಿಗೆ 15 ವರ್ಷ. ಎರಡು ವರ್ಷದ ಹಿಂದೆ ಹುಲಿಗಿ ಜಾತ್ರೆಯಲ್ಲಿ ಕಿವಿಯ ಮೇಲಿನ ಅಂಚಿಗೆ ಇನ್ನೊಂದು ತೂತು ಹಾಕಿಸಿಕೊಂಡಳು. ಅವ್ವ ಬೇಡ ಬೇಡ ಅಂದರೂ ಕೇಳಲಿಲ್ಲ. ಗಾಯ ಮಾಯಿತು, ಆದರೆ ಆ ಜಾಗ ಉಬ್ಬುತ್ತಾ ಹೋಗಿ ಈಗ ಬಟಾಣಿ ಕಾಳಿನಷ್ಟು ಗಡ್ಡೆ ಆಗಿದೆ. ಚರ್ಮದ ಡಾಕ್ಟರ್ ಕೀಲಾಯ್ಡ್ ಅಂದರು. ತಿಂಗಳಿಗೊಮ್ಮೆ ಗಡ್ಡೆಯ ಒಳಗೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಬೇಕಂತೆ. ಎರಡು ಸಲ ಆಗಿದೆ. ಎರಡನೇ ಸಲ ತಲೆ ಹಿಡಿದುಕೊಂಡವನು ನಾನೇ. ಗಡ್ಡೆ ಕಲ್ಲಿನ ಹಾಗಿದೆ, ಡಾಕ್ಟರ್ ಬಲ ಹಾಕಿ ಒತ್ತಿದರೂ ಔಷಧಿ ಒಳಗೆ ಹೋಗುತ್ತಲೇ ಇಲ್ಲ. ಕೊನೆಗೆ ಸಿರಿಂಜಿನಿಂದ ಸೂಜಿಯೇ ಕಿತ್ತುಕೊಂಡು ಔಷಧಿ ಡಾಕ್ಟರ ಕನ್ನಡಕಕ್ಕೆ ಸಿಡಿಯಿತು. ತಂಗಿ ನನ್ನ ಮುಂಗೈ ಪರಚಿದ ಗುರುತು ಇನ್ನೂ ಇದೆ. ಮೂರನೇ ಸಲ ಬರಲ್ಲ ಅಂತ ಹಟ.

ಈಗ ಬಳ್ಳಾರಿಯಲ್ಲಿ ಒಂದು ಬ್ಯೂಟಿ ಪಾರ್ಲರ್‌ನವರು 'ಸೂಜಿಯೇ ಇಲ್ಲ, ನೋವೇ ಇಲ್ಲ, ಗಾಳಿಯಲ್ಲಿ ಔಷಧಿ ಒಳಗೆ ಹೋಗುತ್ತೆ' ಅಂತ ಹೇಳಿದ್ದಾರೆ. ಒಂದು ಸಲಕ್ಕೆ 3,500 ರೂಪಾಯಿ. ಇಂಥದ್ದೊಂದು ನಿಜವಾಗಲೂ ಇದೆಯಾ, ಇಲ್ಲ ಸುಮ್ನೆ ದುಡ್ಡು ಕೀಳೋದಾ?

ಜೀನ್ಸ್_ಮಾಸ್ಟರ್

ತಮಾಷೆ ಬೇಡ ಅಂದ್ರಿ, ಆದರೂ ಒಂದು ಮಾತು. ನಮ್ಮ ಬಳ್ಳಾರಿ ಜೀನ್ಸ್ ಯೂನಿಟ್‌ಗೆ ಬನ್ನಿ, ನಾಲ್ಕು ಪದರ ಬಟ್ಟೆ ಜೊತೆ ಬೆರಳನ್ನೂ ಸೇರಿಸಿ ಹೊಲಿಯುವ ಸೂಜಿ ನೋಡಿದರೆ ನಿಮ್ಮ ತಂಗಿ ಡಾಕ್ಟರ್ ಹತ್ತಿರ ತಾನೇ ಓಡುತ್ತಾಳೆ.

ಮಿರ್ಚಿ_ಒಗ್ಗರಣೆ

3,500?! ಗಾಳಿಗೆ?

ಸಬ್‌ಸೆಂಟರ್_ಅಕ್ಕ

ತಮ್ಮಾ, ಇಂಥ ಮೆಷಿನ್ ಇದೆ, ಸುಳ್ಳಲ್ಲ. ಆದರೆ ಗಾಳಿ ಒಳಗೆ ಹೋಗಲ್ಲ, ಔಷಧಿಯೇ ಹೋಗೋದು. ಸ್ಪ್ರಿಂಗ್ ಅಥವಾ ಗ್ಯಾಸ್ ಒತ್ತಡದಲ್ಲಿ ಕೂದಲೆಳೆಯಷ್ಟು ಸಣ್ಣ ತೂತಿನಿಂದ ಔಷಧಿ ಚಿಮ್ಮಿ ಬಂದು ಚರ್ಮವನ್ನು ಅದೇ ಸೀಳಿಕೊಂಡು ಒಳಗೆ ಹೋಗುತ್ತೆ. ಟ್ರೇನಿಂಗ್‌ನಲ್ಲಿ ವಿಡಿಯೋ ತೋರಿಸಿದ್ದರು. ನಮ್ಮ ಕೈಗೆ ಮಾತ್ರ ಇನ್ನೂ ಬಂದಿಲ್ಲ.

ಬಂದರೆ ಮೊದಲು ಖುಷಿ ಪಡುವವಳು ನಾನೇ. ಚರ್ಮದ ಒಳಪದರಕ್ಕೆ ಸೂಜಿ ಹಾಕೋದು ಎಷ್ಟು ಕಷ್ಟ ಅಂತ ಹಾಕಿದವರಿಗೇ ಗೊತ್ತು. ಪೋಲಿಯೋ ಇಂಜೆಕ್ಷನ್ ಇದೆಯಲ್ಲ, ಹನಿ ಅಲ್ಲ, ಇಂಜೆಕ್ಷನ್. 2016ರಿಂದ ನಮ್ಮ ರಾಜ್ಯದಲ್ಲಿ ಅದನ್ನು ಪೂರ್ತಿ ಡೋಸ್ 0.5 ಎಂಎಲ್ ಬದಲು 0.1 ಎಂಎಲ್ ಮಾತ್ರ, ಚರ್ಮದ ಒಳಗೇ ಕೊಡ್ತೀವಿ. ಒಂದೂವರೆ ತಿಂಗಳ ಕೂಸು, ತೋಳು ಬದನೆಕಾಯಿ ತೊಟ್ಟಿನಷ್ಟು. ಸೂಜಿಯನ್ನು ಚರ್ಮಕ್ಕೆ ಹೆಚ್ಚುಕಡಿಮೆ ಮಲಗಿಸಿ ತುದಿ ಮಾತ್ರ ತೂರಿಸಬೇಕು. ಸರಿಯಾಗಿ ಹೋದರೆ ಒಂದು ಸಣ್ಣ ಬಿಳಿ ಗುಳ್ಳೆ ಏಳುತ್ತೆ, ಅದರ ಮೇಲೆ ಕಿತ್ತಳೆ ಸಿಪ್ಪೆಯ ಹಾಗೆ ಚುಕ್ಕಿ ಚುಕ್ಕಿ. ಗುಳ್ಳೆ ಏಳದಿದ್ದರೆ ಆಳಕ್ಕೆ ಹೋಯ್ತು ಅಂತ ಅರ್ಥ. ಕೂಸು ಒದೆಯುತ್ತಿರುತ್ತೆ, ಅಜ್ಜಿ ಪಕ್ಕದಲ್ಲಿ ನನಗೇ ಬೈಯುತ್ತಿರುತ್ತಾಳೆ, ಹೊರಗೆ ಬಿಸಿಲು 42. ಇದರ ನಡುವೆ ಗುಳ್ಳೆ ಏಳಿಸಬೇಕು ನೋಡಿ.

ಕರಾಚಿಯಲ್ಲಿ ಇದೇ ಪೋಲಿಯೋ ಸಣ್ಣ ಡೋಸನ್ನು ಸೂಜಿ ಇಲ್ಲದ ಮೆಷಿನ್‌ನಲ್ಲಿ ಅಭಿಯಾನ ಮಾಡಿಯೇ ಕೊಟ್ಟಿದ್ದಾರೆ. ಒತ್ತಿದರೆ ಟಪ್, ಗುಳ್ಳೆ ರೆಡಿ.

ಆದರೆ ಪಾರ್ಲರ್‌ನಲ್ಲಿ ಸ್ಟೀರಾಯ್ಡ್? ಬೇಡ ತಮ್ಮಾ. ಅಲ್ಲಿ ಹುಬ್ಬು ಮಾಡಿಸು, ಸಾಕು.

ಸಿರುಗುಪ್ಪ_ಭತ್ತ

ಯಾಕೆ ಬೇಡ? ಎಲ್ಲದಕ್ಕೂ ಹೆದರಿಸ್ತೀರಿ. ಹೊಸ ಟೆಕ್ನಾಲಜಿ ಬಂದಾಗೆಲ್ಲ ಹಿಂಗೇ ಅಂತಾರೆ. ಕೊರೋನಾ ಟೈಮಲ್ಲಿ ನಮ್ಮ ಅಳಿಯ ಸೂಜಿ ಇಲ್ಲದ ವ್ಯಾಕ್ಸಿನ್ ಹಾಕಿಸಿಕೊಂಡ, ಇಲ್ಲೇ ಬಳ್ಳಾರಿಯಲ್ಲಿ. ಏನೂ ಆಗಲಿಲ್ಲ.

ಚರ್ಮದ_ಪಿಜಿ

ಅಣ್ಣಾ, ಅಳಿಯನಿಗೆ ಬಳ್ಳಾರಿಯಲ್ಲಿ ಹಾಕಿದ್ದು ಅದಲ್ಲ. ಸೂಜಿ ಇಲ್ಲದ ಕೊರೋನಾ ಲಸಿಕೆ ಅಂದರೆ ಝೈಕೋವ್-ಡಿ, ಝೈಡಸ್ ಕ್ಯಾಡಿಲಾದವರದು. 2021ರ ಆಗಸ್ಟ್ 20ಕ್ಕೆ ತುರ್ತು ಅನುಮತಿ ಸಿಕ್ಕಿತು. ಮನುಷ್ಯರಿಗೆ ಅಂತ ಅನುಮತಿ ಸಿಕ್ಕ ಜಗತ್ತಿನ ಮೊದಲ ಡಿಎನ್‌ಎ ಲಸಿಕೆ ಅದು. ಮೊದಲು ಏಳು ರಾಜ್ಯಕ್ಕೆ ಕೊಟ್ಟರು, ಕರ್ನಾಟಕ ಅದರಲ್ಲಿ ಇರಲಿಲ್ಲ. 2022ರ ಫೆಬ್ರವರಿಯಲ್ಲಿ ಪಾಟ್ನಾದಲ್ಲಿ ಶುರುವಾಯಿತು. ನಿಮ್ಮ ಅಳಿಯ ಹಾಕಿಸಿಕೊಂಡಿದ್ದು ಕೋವಿಶೀಲ್ಡೋ ಕೋವ್ಯಾಕ್ಸಿನ್ನೋ ಇರಬೇಕು. ಸೂಜಿ ಸಣ್ಣದಿತ್ತು, ಅವರು ಆ ಕಡೆ ಮುಖ ತಿರುಗಿಸಿದ್ದರು ಅಷ್ಟೆ.

ಸಿರುಗುಪ್ಪ_ಭತ್ತ

ಸರಿ ಇರಬಹುದು. ಅವನು ಮುಖ ತಿರುಗಿಸಿದ್ದು ನಿಜ, ಕಣ್ಣನ್ನೂ ಮುಚ್ಚಿಕೊಂಡಿದ್ದ.

ಮಿರ್ಚಿ_ಒಗ್ಗರಣೆ

😂😂 ಅಳಿಯನ ಮಾನ ಹೋಯ್ತು

ಗಂಗಾವತಿ_ಗೃಹಿಣಿ

ಡಾಕ್ಟರೇ, ಆ ಲಸಿಕೆಗೆ ಸೂಜಿ ಯಾಕೆ ಬೇಡ ಅಂದ್ರು? ಮಕ್ಕಳು ಹೆದರುತ್ತಾರೆ ಅಂತಾನಾ?

ಚರ್ಮದ_ಪಿಜಿ

ಅದೊಂದೇ ಅಲ್ಲ ಅಕ್ಕ. ಡಿಎನ್‌ಎ ಕೆಲಸ ಮಾಡಬೇಕಾದರೆ ಜೀವಕೋಶದ ಒಳಗೆ ಹೋಗಬೇಕು. ಸೂಜಿಯಲ್ಲಿ ಬಿಟ್ಟರೆ ಔಷಧಿ ಒಂದೇ ಕಡೆ ಕೆರೆಯ ಹಾಗೆ ನಿಲ್ಲುತ್ತೆ. ಜೆಟ್‌ನಲ್ಲಿ, ಅಂದರೆ ಹೀಗೆ ರಭಸವಾಗಿ ಚಿಮ್ಮಿಸಿ ಬಿಟ್ಟರೆ, ಮಳೆನೀರು ಮರಳಿಗೆ ಇಳಿದ ಹಾಗೆ ಎಲ್ಲಾ ಕಡೆ ಹರಡುತ್ತೆ, ರಭಸಕ್ಕೆ ಕೋಶದ ಒಳಗೂ ಹೆಚ್ಚು ಸೇರುತ್ತೆ. ಅದೂ ಅಲ್ಲದೆ ಚರ್ಮದಲ್ಲಿ ಕಾವಲು ಕಾಯುವ ಕೋಶಗಳು ಸ್ನಾಯುವಿಗಿಂತ ಜಾಸ್ತಿ, ಅದಕ್ಕೇ ಕಡಿಮೆ ಔಷಧಿ ಸಾಕಾಗುತ್ತೆ. ಮೇಲೆ ಅಕ್ಕ ಹೇಳಿದ ಪೋಲಿಯೋ 0.1 ಎಂಎಲ್ ಲೆಕ್ಕವೂ ಅದೇ.

ಆ ಕೊರೋನಾ ಲಸಿಕೆಯೂ 0.1 ಎಂಎಲ್‌ನದೇ, ಆದರೆ ಒಂದು ಡೋಸ್‌ಗೆ ಎರಡು ಶಾಟ್, ಒಂದೊಂದು ತೋಳಿಗೆ ಒಂದೊಂದು. ಮೂರು ಡೋಸ್. ಲಸಿಕೆಗೆ 265 ರೂಪಾಯಿ, ಮೆಷಿನ್ ಬಳಕೆಗೆ 93, ಒಟ್ಟು 358ಕ್ಕೆ ಸರ್ಕಾರ ಕೊಂಡಿತು. ಅಲ್ಲಿ 93, ಪಾರ್ಲರ್‌ನಲ್ಲಿ 3,500. ಈಗ ನೀವೇ ಲೆಕ್ಕ ಹಾಕಿ.

ಕಂಪ್ಲಿ_ಹುಡುಗ

ಅಯ್ಯೋ. ಡಾಕ್ಟರೇ, ಹಾಗಾದರೆ ಕೀಲಾಯ್ಡ್‌ಗೆ ಇದು ಬರಲ್ವಾ? ಅದನ್ನ ಹೇಳಿ ಮೊದಲು.

ತೋರಣಗಲ್ಲು_ಫಿಟ್ಟರ್

ಡಾಕ್ಟರ್ ಹೇಳೋಕೂ ಮುಂಚೆ ನಂದೊಂದು ಮಾತು. 'ಔಷಧಿ ಚರ್ಮವನ್ನು ಅದೇ ಸೀಳಿಕೊಂಡು ಹೋಗುತ್ತೆ' ಅಂತ ಅಕ್ಕ ಬರೆದಿದ್ದು ಓದಿ ನನ್ನ ಮೈ ಜುಮ್ ಅಂತು.

ನಾನು ಹೈಡ್ರಾಲಿಕ್ ಕೆಲಸದವನು. ಎಂಟು ವರ್ಷದ ಹಿಂದೆ, ಬೇರೆ ಕಂಪನಿಯಲ್ಲಿದ್ದಾಗ, ನಮ್ಮ ಜೊತೆಯವನೊಬ್ಬ ಹೋಸ್ ಪೈಪ್ ಲೀಕ್ ಎಲ್ಲಿದೆ ಅಂತ ಕೈ ಸವರಿ ನೋಡಿದ. ಎಡಗೈ ತೋರುಬೆರಳಿಗೆ ಇರುವೆ ಕಚ್ಚಿದ ಹಾಗಾಯ್ತು ಅಂದ. ಒಂದು ಸಣ್ಣ ಕೆಂಪು ಚುಕ್ಕಿ, ರಕ್ತಾನೂ ಬರಲಿಲ್ಲ. ಚಹಾ ಕುಡಿದು ಶಿಫ್ಟ್ ಮುಗಿಸಿ ಮನೆಗೆ ಹೋದ. ರಾತ್ರಿ 2 ಗಂಟೆಗೆ ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಮೊದಲು ಹೋದ ಕಡೆ ಟಿಟಿ ಇಂಜೆಕ್ಷನ್ ಕೊಟ್ಟು ಕಳಿಸಿದರು. ಎರಡನೇ ದಿನ ಇನ್ನೊಂದು ಕಡೆ ಕೊಯ್ದು ನೋಡಿದರೆ ಒಳಗೆ ಆಯಿಲ್ ಅಂಗೈವರೆಗೂ ಓಡಿತ್ತು. ಬೆರಳು ಉಳಿಯಲಿಲ್ಲ.

ಅದಕ್ಕೇ ನಮ್ಮಲ್ಲಿ ಹೊಸ ಹುಡುಗರಿಗೆ ಮೊದಲ ದಿನವೇ ಹೇಳೋದು: ಲೀಕ್ ಹುಡುಕೋಕೆ ರಟ್ಟಿನ ತುಂಡು ಹಿಡಿ, ಕೈ ಹಿಡಿಯಬೇಡ. ಗ್ರೀಸ್ ಗನ್, ಪೇಂಟ್ ಸ್ಪ್ರೇ, ಡೀಸೆಲ್ ನಾಜಲ್, ಎಲ್ಲದಕ್ಕೂ ಇದೇ ಮಾತು. ಟ್ರ್ಯಾಕ್ಟರ್ ಇಟ್ಟವರೂ ಕೇಳಿಸಿಕೊಳ್ಳಿ. ಚುಕ್ಕಿ ಸಣ್ಣದು ಅಂತ ಮನೆಗೆ ಹೋಗಬೇಡಿ, ಆವಾಗಲೇ ಆಪರೇಷನ್ ಮಾಡುವ ಕಡೆ ಹೋಗಿ, 'ಪ್ರೆಶರ್‌ನಲ್ಲಿ ಆಯಿಲ್ ಒಳಗೆ ಹೋಗಿದೆ' ಅಂತ ಬಾಯಿಬಿಟ್ಟು ಹೇಳಿ.

ಅದೇ ಕೆಲಸವನ್ನು ಬೇಕಂತಲೇ ಔಷಧಿಗೆ ಮಾಡ್ತಾರೆ ಅಂದರೆ ಅಳತೆ ಎಷ್ಟು ಪಕ್ಕಾ ಇರಬೇಕು ಯೋಚನೆ ಮಾಡಿ.

ಚರ್ಮದ_ಪಿಜಿ

ಅಣ್ಣಾ, ಕೈ ಮುಗಿದೆ. ನೀವು ಬರೆದಿದ್ದನ್ನು ಕ್ಯಾಶುವಾಲ್ಟಿ ಗೋಡೆಗೆ ಅಂಟಿಸಬೇಕು. ಈ ಮೆಷಿನ್ ಬಗ್ಗೆ ಓದಿದರೆ ಮೊದಲ ಪುಟದಲ್ಲೇ ನಿಮ್ಮ ಕಥೆ ಬರುತ್ತೆ. ಒತ್ತಡದ ಪೈಪಿನಿಂದ ಎಣ್ಣೆ ಕೆಲಸಗಾರರ ಕೈ ಹೊಕ್ಕಿದ್ದು ನೋಡಿ, ಔಷಧಿಯನ್ನೂ ಹೀಗೆ ಕೊಡಬಹುದಲ್ಲ ಅಂತ ಹೊಳೆಯಿತು ಅಂತಾರೆ. 1940ರ ದಶಕದಲ್ಲಿ ಅಮೆರಿಕದಲ್ಲಿ ಹೈಪೋಸ್ಪ್ರೇ ಅಂತ ಬಂತು. ಅದಕ್ಕೂ ಹಿಂದೆ 1866ರಲ್ಲೇ ಪ್ಯಾರಿಸ್‌ನಲ್ಲಿ ನೀರನ್ನು ಚರ್ಮದೊಳಗೆ ಚಿಮ್ಮಿಸುವ ಪಂಪ್ ತೋರಿಸಿದ್ದರು.

ವ್ಯತ್ಯಾಸ ಪ್ರಮಾಣದಲ್ಲಿದೆ. ಇಲ್ಲಿ 0.1 ಎಂಎಲ್, ಸುಮಾರು ಎರಡು ಹನಿ. ತೂತು ಒಂದು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗ. ವೇಗ ಸೆಕೆಂಡಿಗೆ 100 ಮೀಟರಿಗಿಂತ ಜಾಸ್ತಿ, ಅಂದರೆ ಗಂಟೆಗೆ 360 ಕಿಲೋಮೀಟರ್. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತೆ.

ಮಿರ್ಚಿ_ಒಗ್ಗರಣೆ

360! ನಮ್ಮೂರ ಬಸ್ಸಿಗೂ ಒಂದು ಹಾಕಿಸಿ ಡಾಕ್ಟರೇ

ಚರ್ಮದ_ಪಿಜಿ

ಕಂಪ್ಲಿ ತಮ್ಮಾ, ಈಗ ನಿನ್ನ ಪ್ರಶ್ನೆ. ನೋಡದೆ ಚಿಕಿತ್ಸೆ ಹೇಳಲ್ಲ, ವಿಷಯ ಮಾತ್ರ ಹೇಳ್ತೀನಿ.

ಕೀಲಾಯ್ಡ್‌ಗೆ, ಹುಳ ತಿಂದ ಹಾಗೆ ದುಂಡಗೆ ಕೂದಲು ಉದುರುವುದಕ್ಕೆ, ಇಂಥ ಮೆಷಿನ್‌ನಲ್ಲಿ ಸ್ಟೀರಾಯ್ಡ್ ಕೊಡೋದು ಚರ್ಮದ ಡಾಕ್ಟರುಗಳಿಗೆ ಹೊಸದೇನಲ್ಲ. ಡರ್ಮೋಜೆಟ್ ಅನ್ನೋ ಹಳೇ ಮೆಷಿನ್ ಕಾಲದಿಂದಲೂ ಇದೆ. ಕಲ್ಲಿನಂಥ ಗಡ್ಡೆಗೆ ಸೂಜಿಗಿಂತ ಸುಲಭವಾಗಿ ಹರಡುತ್ತೆ ಅನ್ನೋದು ಲಾಭ. ಆದರೆ ತೊಂದರೆಗಳೂ ಇವೆ. ಈ ಸ್ಟೀರಾಯ್ಡ್ ನೀರಿನ ಹಾಗೆ ತಿಳಿಯಾಗಿರಲ್ಲ, ಸುಣ್ಣದ ನೀರಿನ ಹಾಗೆ, ಕಣಗಳು ತಳಕ್ಕೆ ಕೂರುತ್ತವೆ. ಅಲ್ಲಾಡಿಸದಿದ್ದರೆ ಸಣ್ಣ ತೂತು ಕಟ್ಟಿಕೊಳ್ಳುತ್ತೆ. ಮೆಷಿನ್ ಮೂತಿಯನ್ನು ಚರ್ಮಕ್ಕೆ ನೇರವಾಗಿ ಒತ್ತಿ ಹಿಡಿಯದೆ ಓರೆಯಾಯಿತೋ, ಅರ್ಧ ಔಷಧಿ ಹೊರಗೇ ಸಿಡಿಯುತ್ತೆ. ಎಷ್ಟು ಒಳಗೆ ಹೋಯಿತು ಅಂತ ಲೆಕ್ಕವೇ ಸಿಗಲ್ಲ. ಕಿವಿಯ ಅಂಚು ಅಂತೂ ತೀರಾ ತೆಳು, ಕೆಳಗೇ ಮೆತ್ತನೆ ಎಲುಬು. ಸ್ಟೀರಾಯ್ಡ್ ಗಡ್ಡೆ ಬಿಟ್ಟು ಪಕ್ಕಕ್ಕೆ ಹೋದರೆ ಒಳ್ಳೆ ಚರ್ಮವೇ ತೆಳ್ಳಗಾಗಿ ಬೆಳ್ಳಗೆ ಕಲೆ ಬೀಳುತ್ತೆ.

ನೋವೇ ಇಲ್ಲ ಅನ್ನೋದು ಜಾಹೀರಾತಿನ ಮಾತು. ಕೆಲವರಿಗೆ ಕಡಿಮೆ, ಕೆಲವರಿಗೆ ಸೂಜಿಯಷ್ಟೇ. ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ ಅಂತಾರೆ. ರಕ್ತದ ಚುಕ್ಕಿ, ನೀಲಿಗಟ್ಟುವುದು ಇದ್ದೇ ಇದೆ. ಟಪ್ ಅನ್ನೋ ಶಬ್ದಕ್ಕೇ ಬೆಚ್ಚಿ ಬೀಳುವ ಮಕ್ಕಳೂ ಇದ್ದಾರೆ.

ಇನ್ನು ನಿನ್ನ ತಂಗಿಯ ವಿಷಯದಲ್ಲಿ ಡಾಕ್ಟರಿಗೆ ಹೀಗೆ ಕೇಳಿ ನೋಡು. ಸಿರಿಂಜಿನ ತುದಿಗೆ ಸೂಜಿಯನ್ನು ತಿರುಗಿಸಿ ಬಿಗಿ ಮಾಡುವ ಥರದ್ದು ಬರುತ್ತೆ, ಅದಾದರೆ ಕಿತ್ತುಕೊಳ್ಳಲ್ಲ. ಒಂದು ಗಂಟೆ ಮೊದಲು ಮರಗಟ್ಟಿಸುವ ಕ್ರೀಮ್ ದಪ್ಪಗೆ ಹಚ್ಚಿ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಬಹುದು. ಮೊದಲು ಗಡ್ಡೆಯನ್ನು ತಣ್ಣನೆ ಗ್ಯಾಸ್‌ನಿಂದ ಹೆಪ್ಪುಗಟ್ಟಿಸಿ ಸ್ವಲ್ಪ ಹೊತ್ತು ಬಿಟ್ಟರೆ ಅದು ಊದಿ ಮೆತ್ತಗಾಗುತ್ತೆ, ಆಗ ಔಷಧಿ ಸಲೀಸಾಗಿ ಇಳಿಯುತ್ತೆ. ಎರಡು ಸಲಕ್ಕೇ ಕೈಬಿಡಬೇಡಿ. ಬರೀ ಕೊಯ್ದು ತೆಗೆಸಿ ಸುಮ್ಮನಾಗೋಣ ಅಂತ ಯಾರಾದರೂ ಅಂದರೆ ಅದೂ ಬೇಡ. ಬರೀ ಕೊಯ್ದರೆ ಮತ್ತೆ ಬರೋದೇ ಜಾಸ್ತಿ, ಕೆಲವು ಸಲ ಮೊದಲಿಗಿಂತ ದೊಡ್ಡದಾಗಿ.

ಗಂಗಾವತಿ_ಗೃಹಿಣಿ

ಇದೇ ಪೆನ್ ಥರದ ಮೆಷಿನ್‌ನಲ್ಲಿ ತುಟಿ ದಪ್ಪ ಮಾಡ್ತಾರಂತೆ ಅಲ್ವಾ? ನಮ್ಮ ನಾದಿನಿ ಮೊಬೈಲಲ್ಲಿ ನೋಡಿ ತಾನೂ ತರಿಸ್ತೀನಿ ಅಂತ ಕೂತಿದ್ದಾಳೆ. ಮನೆಯಲ್ಲೇ ಮಾಡ್ಕೊಬಹುದಂತೆ.

ಚರ್ಮದ_ಪಿಜಿ

ಅಕ್ಕ, ದಯವಿಟ್ಟು ತಡೀರಿ. 2021ರ ಅಕ್ಟೋಬರ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ಬಗ್ಗೆಯೇ ಎಚ್ಚರಿಕೆ ಕೊಟ್ಟಿದೆ, ತುಟಿ ಮುಖಕ್ಕೆ ಫಿಲ್ಲರ್ (ಉಬ್ಬಿಸುವ ಜೆಲ್) ತುಂಬೋಕೆ ಈ ಹಯಲ್ಯುರಾನ್ ಪೆನ್ ಬಳಸಬೇಡಿ ಅಂತ. ಫಿಲ್ಲರ್ ರಕ್ತನಾಳಕ್ಕೆ ಹೋದರೆ ಆ ಭಾಗದ ಚರ್ಮ ಸಾಯುತ್ತೆ, ಕಣ್ಣು ಹೋಗುವ ಅಪಾಯವೂ ಇದೆ.

ಗಂಗಾವತಿ_ಗೃಹಿಣಿ

ತೋರಿಸಿದೆ. ಸುಮ್ನೆ ಮುಖ ಊದಿಸಿಕೊಂಡು ಕೂತಿದ್ದಾಳೆ. ಪೆನ್ ಇಲ್ಲದೇ ತುಟಿ ದಪ್ಪ ಆಯ್ತು.

ಮಾನ್ವಿ_ಮೇಷ್ಟ್ರು

ನಿವೃತ್ತ ಮೇಷ್ಟ್ರು ನಾನು. ಹಳೇ ಕಥೆ ಬೇಕಾದವರು ಓದಿ.

ಸಿಡುಬಿನ ಕಾಲದ ಮನುಷ್ಯ ನಾನು. ನಮ್ಮ ತೋಳಿನ ಮೇಲೆ ದುಂಡಗೆ ನಾಣ್ಯದಂಥ ಕಲೆಗಳಿವೆಯಲ್ಲ, ಅದು ಮೈಲಿ ಹಾಕುವವರು ಬಂದು ಮುಳ್ಳಿನ ಚಕ್ರದಂಥದ್ದನ್ನು ಒತ್ತಿ ತಿರುಗಿಸಿದ ಗುರುತು. ಅವರು ಬಂದರು ಅಂದರೆ ನಾವೆಲ್ಲ ಜೋಳದ ಹೊಲಕ್ಕೆ ಓಟ. ನನ್ನನ್ನು ನಮ್ಮ ಕಾಕಾ ಕಣಜದ ಹಿಂದಿನಿಂದ ಎಳೆದು ತಂದಿದ್ದ. ಆಮೇಲೆ ಎರಡು ಕವಲಿನ ಸೂಜಿ ಬಂತು, ಅದರಲ್ಲಿ ಚುಚ್ಚಿ ಚುಚ್ಚಿಯೇ ನಮ್ಮ ದೇಶದಿಂದ ಸಿಡುಬು ಹೋಯಿತು. 1977ಕ್ಕೆ ಭಾರತ ಮುಕ್ತ, 1980ಕ್ಕೆ ಜಗತ್ತೇ ಮುಕ್ತ ಅಂತ ಸಾರಿದರು.

ಅದೇ ಕಾಲಕ್ಕೆ ಬ್ರೆಜಿಲ್‌ನಲ್ಲಿ, ಪಶ್ಚಿಮ ಆಫ್ರಿಕಾದಲ್ಲಿ ಈ ಜೆಟ್ ಗನ್ ಬಳಸಿದರು. ಪೆಡ್-ಓ-ಜೆಟ್ ಅಂತ ಹೆಸರು. ಕರೆಂಟ್ ಬೇಡ, ಹೊಲಿಗೆ ಮೆಷಿನ್ ಥರ ಕಾಲಲ್ಲಿ ತುಳಿದರೆ ಒತ್ತಡ ಬರುತ್ತಿತ್ತು. ಸಾಲಾಗಿ ನಿಲ್ಲಿಸಿ ಗಂಟೆಗೆ ಸಾವಿರ ಜನಕ್ಕೆ ಹಾಕಬಹುದಿತ್ತಂತೆ. ನಮಗೂ ಅದನ್ನೇ ತಂದಿದ್ದರೆ ಆ ಮುಳ್ಳಿನ ಚಕ್ರ ಇರುತ್ತಿರಲಿಲ್ಲ ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ. ಅಷ್ಟು ಒಳ್ಳೆಯದನ್ನು ಬಿಟ್ಟರು ಯಾಕೆ ಅಂತ ನನಗೆ ಅರ್ಥವಾಗಿಲ್ಲ.

ಸಬ್‌ಸೆಂಟರ್_ಅಕ್ಕ

ಮೇಷ್ಟ್ರೇ ನಮಸ್ಕಾರ ರೀ. ಬಿಟ್ಟಿದ್ದಕ್ಕೆ ಕಾರಣ ಇದೆ. ಆ ಗನ್‌ಗೆ ಒಂದೇ ಮೂತಿ, ಸಾವಿರ ಜನಕ್ಕೂ ಅದೇ. ಔಷಧಿ ರಭಸದಲ್ಲಿ ಹೊಡೆದಾಗ ಚರ್ಮದಿಂದ ರಕ್ತದ ಹನಿ ವಾಪಸ್ ಸಿಡಿದು ಮೂತಿಗೆ ಅಂಟುತ್ತೆ, ಕಣ್ಣಿಗೆ ಕಾಣದಷ್ಟು ಸಣ್ಣದು. ಮುಂದಿನವರಿಗೆ ಔಷಧಿ ಜೊತೆ ಅದೂ ಸೇರುತ್ತೆ. 1984-85ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೂಕ ಇಳಿಸುವ ಒಂದು ಕ್ಲಿನಿಕ್‌ನಲ್ಲಿ ಇದೇ ಥರದ ಗನ್‌ನಿಂದ ಹತ್ತಾರು ಜನಕ್ಕೆ ಹೆಪಟೈಟಿಸ್-ಬಿ ಕಾಮಾಲೆ ಬಂತು. 1997ರಲ್ಲಿ ಅಮೆರಿಕದ ಸೈನ್ಯವೂ ಅದನ್ನು ಬಿಟ್ಟಿತು.

ಈಗ ಬರುವುದರಲ್ಲಿ ಔಷಧಿ ತುಂಬುವ ಸಣ್ಣ ಸಿರಿಂಜ್, ಅದರ ಮೂತಿ, ಎರಡೂ ಒಬ್ಬರಿಗೆ ಒಂದು. ಒಂದು ಸಲ ಹೊಡೆದರೆ ಅದು ಮತ್ತೆ ಕೆಲಸ ಮಾಡಲ್ಲ. ಕಂಪ್ಲಿ ತಮ್ಮಾ, ಪಾರ್ಲರ್‌ನಲ್ಲಿ ಇದೊಂದೇ ಪ್ರಶ್ನೆ ಕೇಳು: 'ಮೂತಿ ಒಬ್ಬೊಬ್ಬರಿಗೆ ಬದಲಾಯಿಸ್ತೀರಾ?'

ಮಾನ್ವಿ_ಮೇಷ್ಟ್ರು

ಗೊತ್ತಿರಲಿಲ್ಲ ತಾಯಿ. ಹಾಗಾದರೆ ನನ್ನ ನಾಣ್ಯಗಳೇ ಇರಲಿ.

ಕುಷ್ಟಗಿ_ಕುರಿ

ಇಲ್ಲಿ ಕುರಿ ಸಾಕುವವರು ಯಾರಾದರೂ ಇದ್ದೀರಾ? ನಮ್ಮ 80 ಕೆಂಗುರಿಗೆ ಪಿಪಿಆರ್ (ಕುರಿ-ಮೇಕೆ ಪ್ಲೇಗ್) ಲಸಿಕೆ ಹಾಕುವಾಗ ಒಂದೇ ಸೂಜಿ ಎಷ್ಟು ಕುರಿಗೆ ಹೋಗುತ್ತೆ ಅಂತ ನೋಡಿದ್ದೇನೆ. ಆಮೇಲೆ ನಾಲ್ಕೈದು ಕುರಿಗೆ ಆ ಜಾಗದಲ್ಲಿ ಕೀವುಗಡ್ಡೆ. ಅಕ್ಕ ಹೇಳಿದ ಕಥೆ ಕುರಿಗೂ ಆಗುತ್ತಲ್ಲ? ಕುರಿಗೆ ಈ ಗನ್ ಇದೆಯಾ?

ದೊಡ್ಡಿ_ಡಾಕ್ಟರ್

ಇದೆ. ಹೊರದೇಶದ ಹಂದಿ ಸಾಕಣೆಯಲ್ಲಿ ಬಳಸ್ತಾರೆ. ಅಲ್ಲಿ ಕಾರಣವೇ ಬೇರೆ, ಸೂಜಿ ಮುರಿದು ಮಾಂಸದೊಳಗೆ ಉಳಿಯುತ್ತೆ ಅನ್ನೋ ಭಯ. ಕುರಿಗೆ ಉಣ್ಣೆಯೇ ಅಡ್ಡ. ಉಣ್ಣೆ, ಮಣ್ಣು, ಹಿಕ್ಕೆಯ ಮೇಲೆ ಜೆಟ್ ಹೊಡೆದರೆ ಔಷಧಿ ಉಣ್ಣೆಗೇ ಹೋಯ್ತು. ಕೂದಲಿಲ್ಲದ ಕಂಕುಳ ಹತ್ತಿರ ಹೊಡೆಯಬೇಕು, ಕುರಿ ಬಿಡಬೇಕಲ್ಲ. ಕಾಕಾ, ಸದ್ಯಕ್ಕೆ ಒಂದು ಪ್ಯಾಕೆಟ್ ಸೂಜಿ ನೀವೇ ತಂದು ಕೊಡಿ, ಬದಲಾಯಿಸಿ ಹಾಕಿ ಅಂತ ಹೇಳಿ. ಗನ್‌ಗಿಂತ ಅಗ್ಗ.

ಕುಷ್ಟಗಿ_ಕುರಿ

ಸರಿ ಸರ್. ಆದರೆ 80 ಕುರಿಗೆ 80 ಸೂಜಿ ಅಂದರೆ ಹಾಕುವವರು ನನ್ನ ಮುಖ ನೋಡ್ತಾರೆ.

ದೊಡ್ಡಿ_ಡಾಕ್ಟರ್

ನೋಡಲಿ ಬಿಡಿ.

ಸಿಂಧನೂರು_ಶುಗರ್

ನಾನು ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳೋನು, 11 ವರ್ಷ ಆಯ್ತು. ಹೊಟ್ಟೆ ಜರಡಿ ಆಗಿದೆ. ಅದಕ್ಕೆ ಈ ಮೆಷಿನ್ ಸಿಕ್ಕರೆ ನನಗಿಂತ ಖುಷಿ ಪಡುವವರಿಲ್ಲ. ಬರುತ್ತಾ?

ಚರ್ಮದ_ಪಿಜಿ

ಇನ್ಸುಲಿನ್‌ಗೂ ಇದೆ ಸರ್. ಆದರೆ ಒಂದು ವಿಷಯ. ಜೆಟ್‌ನಲ್ಲಿ ಕೊಟ್ಟರೆ ಇನ್ಸುಲಿನ್ ಹರಡಿಕೊಳ್ಳೋದರಿಂದ ರಕ್ತಕ್ಕೆ ಬೇಗ ಸೇರುತ್ತೆ, ಕೆಲಸವೂ ಬೇಗ ಶುರು. ಊಟ ತಡವಾದರೆ ಸಕ್ಕರೆ ದಡಕ್ಕನೆ ಇಳಿದುಬಿಡುತ್ತೆ. ನಿಮ್ಮ ಡಾಕ್ಟರನ್ನು ಕೇಳದೆ ಬದಲಾಯಿಸಬೇಡಿ. ಈಗ 4 ಮಿಲಿಮೀಟರ್ ಪೆನ್ ಸೂಜಿ ಬರುತ್ತೆ, ಅದು ಬಳಸ್ತಿದ್ದೀರಾ? ದಿನಾ ಜಾಗ ಬದಲಾಯಿಸ್ತೀರಾ?

ಸಿಂಧನೂರು_ಶುಗರ್

ಜಾಗ ಬದಲಾಯಿಸ್ತೀನಿ. ಸೂಜಿ... ಒಂದು ವಾರ ಓಡಿಸ್ತೀನಿ.

ಸಬ್‌ಸೆಂಟರ್_ಅಕ್ಕ

ಅಣ್ಣಾರೇ!! ಕುರಿ ಕಾಕಾನ ಸಾಲಿಗೆ ಸೇರಿದ್ರಿ ನೀವು. ಮೊಂಡಾದ ಸೂಜಿಗೇ ನೋವು ಜಾಸ್ತಿ, ಹೊಟ್ಟೆ ಮೇಲೆ ಗಂಟು ಬರೋದೂ ಅದಕ್ಕೇ.

ಸಂಡೂರು_ಗಣಿ

ಬೆಂಗಳೂರಿನ ಐಐಎಸ್ಸಿಯಲ್ಲೂ ಇಂಥದ್ದು ಮಾಡಿದ್ದರು ಅಂತ ಎಲ್ಲೋ ಓದಿದ ನೆನಪು. ಆಘಾತ ತರಂಗ ಅಂತ.

ಚರ್ಮದ_ಪಿಜಿ

ಹೌದು. ಪ್ರೊಫೆಸರ್ ಜಿ. ಜಗದೀಶ್, ದೀಪಶಿಖಾ ಚಕ್ರವರ್ತಿ ಅವರ ತಂಡ. 2011ರಲ್ಲಿ ಪ್ರಕಟವಾಯಿತು, ಇಲಿಗಳ ಮೇಲೆ ಸಾಲ್ಮೊನೆಲ್ಲಾ ಲಸಿಕೆಯಲ್ಲಿ ಪ್ರಯೋಗ. ಒಳಗೋಡೆಗೆ ಸ್ಫೋಟಕ ಸವರಿದ ಸಣ್ಣ ಪ್ಲಾಸ್ಟಿಕ್ ಕೊಳವೆಗೆ ಕಿಡಿ ಕೊಟ್ಟರೆ ಆಘಾತ ತರಂಗ ಏಳುತ್ತೆ, ಅದು ತೆಳು ಪೊರೆಯನ್ನು ತಳ್ಳಿ ಲಸಿಕೆಯನ್ನು ಚರ್ಮದೊಳಗೆ ಚಿಮ್ಮಿಸುತ್ತೆ.

ಸಂಡೂರು_ಗಣಿ

ಒಂದು ನಿಮಿಷ. ಒಳಗೆ ಸ್ಫೋಟಕ ಸವರಿದ ಪ್ಲಾಸ್ಟಿಕ್ ಕೊಳವೆ ಅಂದರೆ ನೋನೆಲ್ ಅಲ್ವಾ?! ನಾವು ಗಣಿಯಲ್ಲಿ ಬ್ಲಾಸ್ಟಿಂಗ್‌ಗೆ ದಿನಾ ಎಳೆಯೋದು ಅದೇ. ಕೈಯಲ್ಲಿ ಹಿಡಿದಿದ್ದರೂ ಕೊಳವೆ ಒಡೆಯಲ್ಲ, ಒಳಗೆ ಒಂದು ಬೆಳಕು ಸರ್ ಅಂತ ಓಡುತ್ತೆ ಅಷ್ಟೆ. ಗುಡ್ಡ ಹಾರಿಸೋದೂ ಅದರಲ್ಲೇ, ಇಲಿಗೆ ಲಸಿಕೆ ಹಾಕೋದೂ ಅದರಲ್ಲೇ! ಇವತ್ತು ನಮ್ಮ ಮೇಟಿಗೆ ಹೇಳ್ತೀನಿ, ನಂಬಲ್ಲ.

ಜೀನ್ಸ್_ಮಾಸ್ಟರ್

ಹೋಸ್ ಪೈಪ್, ಹೊಲಿಗೆ ಮೆಷಿನ್, ಗಣಿ ಮದ್ದು. ನಮ್ಮ ಜಿಲ್ಲೆಯ ಕಸುಬೆಲ್ಲಾ ಬಂದವು. ಅಕ್ಕಿ ಗಿರಣಿ ಒಂದು ಬಾಕಿ.

ರಾಯಚೂರು_ರೇಡಿಯೋ

ಸ್ಪೀಕರ್‌ನವರನ್ನೂ ಸೇರಿಸಿಕೊಳ್ಳಿ. ಅಮೆರಿಕದ ಎಂಐಟಿಯವರು 2012ರಲ್ಲಿ ತೋರಿಸಿದ್ದು ಸ್ಪೀಕರ್ ತತ್ವದ್ದು. ಆಯಸ್ಕಾಂತದ ನಡುವೆ ತಂತಿ ಸುರುಳಿ, ಕರೆಂಟ್ ಕೊಟ್ಟಷ್ಟು ತಳ್ಳುತ್ತೆ. ಸ್ಪ್ರಿಂಗ್ ಆದರೆ ಬಿಟ್ಟರೆ ಬಿಟ್ಟ ಹಾಗೆ, ಮಧ್ಯದಲ್ಲಿ ಹಿಡಿಯೋಕಾಗಲ್ಲ. ಇದರಲ್ಲಿ ಮೊದಲು ಜೋರಾಗಿ ಹೊಡೆದು ಚರ್ಮ ದಾಟಿಸಿ, ಆಮೇಲೆ ವೇಗ ಇಳಿಸಿ ಮೆಲ್ಲಗೆ ಔಷಧಿ ತುಂಬಬಹುದು. ಕೂಸಿಗೆ ಒಂದು ಅಳತೆ, ಪೈಲ್ವಾನನಿಗೆ ಒಂದು ಅಳತೆ. ಗಣಪತಿ ಹಬ್ಬದ ಬಾಸ್ ಬಾಕ್ಸ್ ನೆನಪಿಸಿಕೊಳ್ಳಿ, ಎದೆಗೆ ಗುದ್ದುತ್ತಲ್ಲ, ಅದೇ ಬಲ.

ಸಿರುಗುಪ್ಪ_ಭತ್ತ

ಇಷ್ಟೆಲ್ಲಾ ಇದ್ದೂ ನಮ್ಮ ಕಡೆ ಆಸ್ಪತ್ರೆಯಲ್ಲಿ ಒಂದೂ ಕಾಣಲ್ಲ ಯಾಕೆ? ಬರೀ ಓದೋಕೆ ಚೆಂದ.

ಸಬ್‌ಸೆಂಟರ್_ಅಕ್ಕ

ದುಡ್ಡು ಅಣ್ಣ. ಸಾದಾ ಸಿರಿಂಜ್ ಬೆಲೆ ಎಷ್ಟು, ಇದರದ್ದು ಎಷ್ಟು. ಆದರೆ ನನ್ನ ಕಡೆಯ ಲೆಕ್ಕ ಯಾರೂ ಕೇಳಲ್ಲ. ಪ್ರತಿ ಸೂಜಿ ಹಬ್ ಕಟರ್‌ನಲ್ಲಿ ಕತ್ತರಿಸಬೇಕು, ಬಿಳಿ ಡಬ್ಬಿಗೆ ಸೂಜಿ, ಕೆಂಪು ಚೀಲಕ್ಕೆ ಸಿರಿಂಜ್. ಹೋದ ವರ್ಷ ಒಂದು ಕೂಸು ಒದ್ದ ರಭಸಕ್ಕೆ ಬಳಸಿದ ಸೂಜಿ ನನ್ನ ಹೆಬ್ಬೆರಳಿಗೇ ಚುಚ್ಚಿತು. ರಕ್ತ ಪರೀಕ್ಷೆ ವರದಿ ಬರೋವರೆಗೆ ಊಟ ಸೇರಲಿಲ್ಲ. ಏನೂ ಆಗಲಿಲ್ಲ, ದೇವರು ದೊಡ್ಡವನು. ಸೂಜಿಯೇ ಇಲ್ಲದಿದ್ದರೆ ಆ ಮೂರು ದಿನ ಇರುತ್ತಿರಲಿಲ್ಲ ಅಲ್ವಾ? ಅದಕ್ಕೆ ಎಷ್ಟು ರೂಪಾಯಿ ಹಾಕ್ತೀರಿ?

ತೋರಣಗಲ್ಲು_ಫಿಟ್ಟರ್

👏

ಕಂಪ್ಲಿ_ಹುಡುಗ · ಮೂರು ವಾರದ ನಂತರ

ಎಲ್ಲರಿಗೂ ಉತ್ತರ ಕೊಡೋದು ತಡ ಆಯ್ತು, ಕ್ಷಮಿಸಿ. ನಾಟಿ ಕೆಲಸ ಇತ್ತು.

ಪಾರ್ಲರ್‌ಗೆ ಹೋಗಿದ್ದೆ, ತಂಗಿಯನ್ನು ಕರೆದುಕೊಂಡು ಹೋಗಲಿಲ್ಲ. ಅಕ್ಕ ಹೇಳಿದ ಪ್ರಶ್ನೆ ಕೇಳಿದೆ. 'ಬದಲಾಯಿಸಲ್ಲ, ಸ್ಪಿರಿಟ್‌ನಲ್ಲಿ ಒರೆಸ್ತೀವಿ' ಅಂದರು. ಔಷಧಿ ಯಾವುದು ಅಂದೆ. ಬಾಟಲಿ ತೋರಿಸಿದರು, ತಳದಲ್ಲಿ ಬಿಳಿ ಗಷ್ಟು ಕೂತಿತ್ತು. ಅಲ್ಲಾಡಿಸ್ತೀರಾ ಅಂದೆ. 'ಯಾಕೆ?' ಅಂದರು. ಎದ್ದು ಬಂದೆ.

ಹಳೇ ಡಾಕ್ಟರ್ ಹತ್ತಿರವೇ ಮೂರನೇ ಸಲ ಆಯ್ತು. ಕ್ರೀಮ್ ಹಚ್ಚಿ, ಅಡುಗೆಮನೆಯ ಪ್ಲಾಸ್ಟಿಕ್ ಸುತ್ತಿಕೊಂಡು ಬಸ್ಸಿನಲ್ಲಿ ಹೋದಳು, ಮೇಲೆ ದುಪಟ್ಟಾ. ಡಾಕ್ಟರಿಗೆ ತಿರುಗಿಸಿ ಬಿಗಿ ಮಾಡುವ ಸಿರಿಂಜ್ ಬಗ್ಗೆ ಹೆದರುತ್ತಲೇ ಕೇಳಿದೆ. ಬೈತಾರೆ ಅಂದುಕೊಂಡಿದ್ದೆ. ಡ್ರಾಯರ್ ತೆಗೆದು ತೋರಿಸಿದರು, ಕನ್ನಡಕದ ಘಟನೆ ಆದ ಮರುದಿನವೇ ತರಿಸಿದ್ದಾರಂತೆ. ನೋವಾಯ್ತು, ಇಲ್ಲ ಅನ್ನಲ್ಲ. ಆದರೆ ಈ ಸಲ ನನ್ನ ಮುಂಗೈ ಪರಚಲಿಲ್ಲ, ಅಂಗಿ ತೋಳು ಮಾತ್ರ ಹಿಡಿದುಕೊಂಡಿದ್ದಳು. ಗಡ್ಡೆ ಸ್ವಲ್ಪ ಮೆತ್ತಗಾಗಿದೆ ಅಂತ ಡಾಕ್ಟರ್ ಅಂದರು.

ಸಬ್‌ಸೆಂಟರ್_ಅಕ್ಕ

ಒಳ್ಳೆಯದಾಯ್ತು ತಮ್ಮಾ. ಮುಂದಿನದು ಯಾವತ್ತು? ತಪ್ಪಿಸಬೇಡಿ.

ಕಂಪ್ಲಿ_ಹುಡುಗ

ಲೆಕ್ಕಕ್ಕೆ ಅಮಾವಾಸ್ಯೆ ದಿನ ಬರುತ್ತೆ ಅಕ್ಕ. ಅವ್ವ ಅಮಾವಾಸ್ಯೆ ಬೇಡ ಅಂದಳು, ಮರುದಿನ ಹೋಗ್ತೀವಿ.

ಮಿರ್ಚಿ_ಒಗ್ಗರಣೆ

ಬಳ್ಳಾರಿಗೆ ಹೋದವರು ಮಿರ್ಚಿ ತಿನ್ನದೆ ಬಂದ್ರಾ?

ಕಂಪ್ಲಿ_ಹುಡುಗ

ತಂಗಿ ನಾಲ್ಕು ತಿಂದಳು. ದುಡ್ಡು ನಂದು.